ಹಾಪರ್ ಡಬಲ್ ಮಾಡಿ ಅಂದ್ರೆ ಯಾವುದನ್ನ ಡಬಲ್ ಮಾಡ್ಬೇಕು?

ಪ್ರಶ್ನೆ: ಸರ್, ನಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್. ಹಿಟ್ಟಿನ ಗಿರಣಿಗೆ ಕಾಳು ಸುರಿಯೋ ಶಂಕು ಆಕಾರದ ಹಾಪರ್, ಟ್ಯಾಂಕ್ ಸ್ಟ್ಯಾಂಡ್, ಪೈಪ್ ಕೆಲಸ ಎಲ್ಲ ಮಾಡ್ತೀವಿ. ಒಬ್ಬ ಗಿರಣಿಯವ್ರು ಈಗಿರೋ ಹಾಪರ್‌ದು ಡಬಲ್ ಸೈಜ್ ಬೇಕು ಅಂದಿದಾರೆ, ಡಬಲ್ ಶೀಟ್ ಲೆಕ್ಕ ಹಾಕಿ ಕೊಟೇಶನ್ ಕೊಡೋಣ ಅಂತಿದೀನಿ. ಇನ್ನೊಂದು, ಮಗ ಎಸ್ಸೆಸ್ಸೆಲ್ಸಿ, ಅವನ ಪುಸ್ತಕದಲ್ಲಿ ಶಂಕುನ ಅರ್ಧ ಎತ್ತರದಲ್ಲಿ ಕತ್ತರಿಸಿದ್ರೆ ಎರಡು ಭಾಗದ ಘನಫಲ 1:7 ಅಂತ ಉತ್ತರ ಇದೆ. ಅರ್ಧಕ್ಕೆ ಕತ್ತರಿಸಿದ್ರೆ ಅರ್ಧ ಅರ್ಧ ಬರಲ್ವಾ? ಘನಾಕೃತಿನ (ದಾಳದ ಥರದ ಕ್ಯೂಬ್) ಅಡ್ಡ ಕತ್ತರಿಸಿದ್ರೆ ಆರು ಮೂಲೆ ಆಕಾರ ಬರತ್ತೆ ಅಂತಾನೂ ಅವರ ಮೇಷ್ಟ್ರು ಹೇಳಿದಾರಂತೆ, ಅದು ಹೇಗೆ?

ಉತ್ತರ: ಕೊಟೇಶನ್ ಇನ್ನೂ ಕಳಿಸಿಲ್ಲ ಅಂದ್ರೆ ಸ್ವಲ್ಪ ತಡೀರಿ. ಮೊದಲು ಗಿರಣಿಯವ್ರಿಗೆ ಫೋನ್ ಮಾಡಿ, ಡಬಲ್ ಆಗ್ಬೇಕಿರೋದು ಅಳತೆನಾ ಅಥವಾ ಅದು ಹಿಡಿಯೋ ಕಾಳಾ ಅಂತ ಕೇಳಿ. ಉದ್ದ, ಅಗಲ, ಎತ್ತರ ಎಲ್ಲಾನೂ ಡಬಲ್ ಮಾಡಿದ್ರೆ ಶೀಟ್ ನಾಲ್ಕು ಪಟ್ಟು ಬೇಕು, ಕಾಳು ಎಂಟು ಪಟ್ಟು ಹಿಡಿಯತ್ತೆ. ಅವ್ರಿಗೆ ಬೇಕಾಗಿರೋದು ಬರೀ ಡಬಲ್ ಕಾಳು ಅಂದ್ರೆ ಪ್ರತಿ ಅಳತೆನೂ 26 ಪರ್ಸೆಂಟ್ ಜಾಸ್ತಿ ಮಾಡಿದ್ರೆ ಸಾಕು, ಶೀಟ್ ಸುಮಾರು 59 ಪರ್ಸೆಂಟ್ ಜಾಸ್ತಿ ಆಗತ್ತೆ ಅಷ್ಟೇ. ಡಬಲ್ ಶೀಟ್ ಅನ್ನೋ ಲೆಕ್ಕ ಎರಡು ಕಡೆನೂ ಸರಿ ಹೋಗಲ್ಲ, ಒಂದು ಕಡೆ ನಿಮಗೆ ಲಾಸು ಇನ್ನೊಂದು ಕಡೆ ಆರ್ಡರ್ ಪಕ್ಕದ ಅಂಗಡಿಗೆ ಹೋಗತ್ತೆ.

ನಿಮ್ಮ ಮಗನ ಪುಸ್ತಕದ ಉತ್ತರನೂ ಸರಿ, 1:7 ನೇ. ನಿಮ್ಮ ಹಾಪರ್ ಮತ್ತು ಅವನ ಶಂಕು ಎರಡೂ ಒಂದೇ ಲೆಕ್ಕ, ಹಾಗಾಗಿ ಒಂದೇ ಉದಾಹರಣೆಲಿ ಎರಡನ್ನೂ ನೋಡೋಣ.

ಬಾಯಿ ಅಡ್ಡಳತೆ 120 ಸೆಂ.ಮೀ., ಆಳ 120 ಸೆಂ.ಮೀ. ಇರೋ ಹಾಪರ್ ಅಂತ ಇಟ್ಕೊಳ್ಳಿ, ಕೆಳಗಿನ ಸಣ್ಣ ಬಾಯಿನ ಸದ್ಯಕ್ಕೆ ಮರೆತುಬಿಡಿ. ಪೂರ್ತಿ ತುಂಬಿದ್ರೆ ಸುಮಾರು 452 ಲೀಟರ್, ಗೋಧಿ ಆದ್ರೆ 350 ಕೆಜಿ ಹತ್ತಿರ. ಈಗ ಅರ್ಧ ಎತ್ತರಕ್ಕೆ, ಅಂದ್ರೆ 60 ಸೆಂ.ಮೀ. ತನಕ ಕಾಳು ಇದೆ. ಅಲ್ಲಿ ಅಡ್ಡಳತೆ ಎಷ್ಟು? ಅದೂ ಅರ್ಧ, 60 ಸೆಂ.ಮೀ., ಗೋಡೆ ನೇರವಾಗಿ ಇಳಿಯೋದ್ರಿಂದ ಸಮರೂಪ ತ್ರಿಭುಜ. ಆ ಮಟ್ಟದಲ್ಲಿ ಹಾಪರ್‌ನ ಅಡ್ಡಕ್ಕೆ ಕೊಯ್ದು ನೋಡಿದ್ರೆ ಕಾಣೋ ವೃತ್ತದ ವಿಸ್ತೀರ್ಣ ಮೇಲಿನ ಬಾಯಿಯ ನಾಲ್ಕನೇ ಒಂದು ಭಾಗ ಮಾತ್ರ, ಯಾಕಂದ್ರೆ ವೃತ್ತ ಎರಡು ದಿಕ್ಕಲ್ಲಿ ಕುಗ್ಗಿದೆ, ಅರ್ಧದ ಅರ್ಧ. ಇನ್ನು ಒಳಗಿರೋ ಕಾಳಿನ ರಾಶಿನ ನೋಡಿ, ಅದು ಇಡೀ ಹಾಪರ್‌ದೇ ಚಿಕ್ಕ ನಕಲು, ಎತ್ತರ ಅರ್ಧ ಅಗಲ ಅರ್ಧ ಇನ್ನೊಂದು ಕಡೆ ಅಗಲನೂ ಅರ್ಧ, ಮೂರು ಅರ್ಧ ಗುಣಿಸಿದ್ರೆ ಎಂಟನೇ ಒಂದು. 452 ಲೀಟರಲ್ಲಿ 56 ಲೀಟರ್ ಚಿಲ್ಲರೆ, ಗೋಧಿ 44 ಕೆಜಿ ಹತ್ತಿರ. ಮೇಲಿನ ಅರ್ಧ ಎತ್ತರದಲ್ಲಿ ಉಳಿದ ಏಳು ಪಾಲು. ಅಲ್ಲಿಗೆ 1:7 ಬಂತು, ಸೂತ್ರ ಹಾಕೋ ಅವಶ್ಯಕತೆನೇ ಇಲ್ಲ. ಮಗನಿಗೆ ಹೇಳಿ, ಪರೀಕ್ಷೆಲಿ ಅರ್ಧದ ಬದಲು ಮೂರನೇ ಒಂದು ಎತ್ತರದಲ್ಲಿ ಕತ್ತರಿಸಿ ಅಂತ ಕೊಟ್ರೆ ತುದಿಯ ಶಂಕು 27ರಲ್ಲಿ 1, ಉಳಿದಿದ್ದು 26, ಬಾಯಲ್ಲೇ ಹೇಳ್ಬೋದು. ಮೂರನೇ ಒಂದು ಅನ್ನೋದನ್ನ ತುದಿಯಿಂದ ಅಳೆದಿದಾರಾ ಪಾದದಿಂದ ಅಳೆದಿದಾರಾ ಅನ್ನೋದು ಮಾತ್ರ ನೋಡ್ಕೋಬೇಕು, ಮಾರ್ಕ್ಸ್ ಹೋಗೋದು ಅಲ್ಲೇ.

ಹಾಪರ್‌ನ ಕೆಳಗಿನ 12 ಸೆಂ.ಮೀ. ಹಿಡಿಯೋದು ಅರ್ಧ ಲೀಟರ್‌ಗಿಂತ ಕಮ್ಮಿ, ಅದೇ ಮೇಲಿನ 12 ಸೆಂ.ಮೀ. ಹಿಡಿಯೋದು 122 ಲೀಟರ್. ಎರಡೂ ಅದೇ ಹತ್ತನೇ ಒಂದು ಎತ್ತರ! ಹಾಗಾದ್ರೆ ನಿಜವಾಗ್ಲೂ ಅರ್ಧ ಕಾಳು ಇರೋದು ಯಾವ ಮಟ್ಟದಲ್ಲಿ? ಯಾವ ಸಂಖ್ಯೆನ ಮೂರು ಸಲ ಗುಣಿಸಿದ್ರೆ ಅರ್ಧ ಬರತ್ತೋ ಅದು, 0.794, ಅಂದ್ರೆ 120ರಲ್ಲಿ 95 ಸೆಂ.ಮೀ. ಬಾಯಿಂದ ಬರೀ 25 ಸೆಂ.ಮೀ. ಕೆಳಗೆ. ಗಿರಣಿ ಹುಡುಗ ಮೇಲಿಂದ ಬಗ್ಗಿ ನೋಡಿ ಇನ್ನೂ ಮುಕ್ಕಾಲು ಇದೆ ಬಿಡಿ ಅಂತಾನೆ, ಅಷ್ಟೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಖಾಲಿ ಆಗಿರತ್ತೆ, ಮುಕ್ಕಾಲು ಎತ್ತರ ಅಂದ್ರೆ 42 ಪರ್ಸೆಂಟ್ ಕಾಳು ಅಷ್ಟೇ. ಹಾಪರ್ ಪಕ್ಕದಲ್ಲಿ ಮಟ್ಟದ ಗುರುತು ಹಾಕಿಕೊಡೋ ಅಭ್ಯಾಸ ಇದ್ರೆ ಸಮ ಅಂತರದಲ್ಲಿ ಗೆರೆ ಎಳೀಬೇಡಿ, ಕಾಲು ಭಾಗದ ಗೆರೆ 75.6 ಸೆಂ.ಮೀ.ಗೆ, ಅರ್ಧದ ಗೆರೆ 95ಕ್ಕೆ, ಮುಕ್ಕಾಲಿನ ಗೆರೆ 109ಕ್ಕೆ ಬರತ್ತೆ.

ಪ್ರತಿ ಬೇಸಿಗೆಲಿ ಕೆಆರ್‌ಎಸ್ ನೀರಿನ ಮಟ್ಟದ ಸುದ್ದಿ ಓದುವಾಗ ನಂಗೆ ನೆನಪಾಗೋದು ಇದೇನೇ. ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. 100 ಅಡಿ ಇದೆ ಅಂದ್ರೆ ಐದರಲ್ಲಿ ನಾಲ್ಕು ಪಾಲು ನೀರಿದೆ ಅಂತ ಅನ್ಸತ್ತೆ, ಆದ್ರೆ ಕಣಿವೆ ಪೂರ್ತಿ ತಲೆಕೆಳಗಾದ ಶಂಕು ಆಗಿದ್ದಿದ್ರೆ ಅದು 51 ಪರ್ಸೆಂಟ್ ಅಷ್ಟೇ, 25 ಟಿಎಂಸಿ ಚಿಲ್ಲರೆ. ನಿಜವಾದ ಕಣಿವೆ ಶಂಕು ಅಲ್ಲ, ಅದಕ್ಕೇ ಜಲಾಶಯಗಳಿಗೆ ಯಾವ ಮಟ್ಟಕ್ಕೆ ಎಷ್ಟು ನೀರು ಅಂತ ಸರ್ವೆ ಮಾಡಿದ ಟೇಬಲ್ ಇರತ್ತೆ, ಆದ್ರೆ ಸ್ವಭಾವ ಇದೇ. ಮೇಲಿನ ಒಂದು ಅಡಿ ಇಳಿದಾಗ ಹೋಗೋ ನೀರು ತಳದ ಹತ್ತಿರ ಒಂದು ಅಡಿ ಇಳಿದಾಗ ಹೋಗೋದಕ್ಕಿಂತ ತುಂಬಾನೇ ಜಾಸ್ತಿ, ಯಾಕಂದ್ರೆ ಒಂದು ಅಡಿ ಅಂದ್ರೆ ಆ ಮಟ್ಟದ ಅಡ್ಡಕೊಯ್ತದ ವಿಸ್ತೀರ್ಣ ಗುಣಿಸು ಒಂದು ಅಡಿ.

ಈಗ ವರ್ಕ್‌ಶಾಪ್‌ನಲ್ಲಿ ಎಲ್ಲರೂ ಮಾಡೋ ಒಂದು ಶಾರ್ಟ್‌ಕಟ್ ಬಗ್ಗೆ. ಮೇಲೆ ಕೆಳಗೆ ಅಳತೆ ಬೇರೆ ಬೇರೆ ಇದ್ರೆ ಸರಾಸರಿ ತಗೊಂಡು ಎತ್ತರಕ್ಕೆ ಗುಣಿಸಿಬಿಡ್ತೀವಲ್ಲ. ಅದನ್ನೇ ನಮ್ಮ ಹಾಪರ್‌ನ ಮೇಲಿನ ಅರ್ಧಕ್ಕೆ ಹಾಕಿ ನೋಡಿ, ಅದನ್ನೇ ಗಣಿತದಲ್ಲಿ ಶಂಕುವಿನ ಭಿನ್ನಕ ಅನ್ನೋದು, ಅಂದ್ರೆ ತುದಿ ಕತ್ತರಿಸಿದ ಶಂಕು. ನಿಜವಾದ ಉತ್ತರ 396 ಲೀಟರ್. ಮೇಲಿನ ಮತ್ತು ಕೆಳಗಿನ ವೃತ್ತದ ವಿಸ್ತೀರ್ಣದ ಸರಾಸರಿ ತಗೊಂಡ್ರೆ 424 ಬರತ್ತೆ, ಜಾಸ್ತಿ. ಅಡ್ಡಳತೆಯ ಸರಾಸರಿ ತಗೊಂಡ್ರೆ 382, ಕಮ್ಮಿ. ಇಡೀ ಶಂಕುಗೆ ಇದೇ ಶಾರ್ಟ್‌ಕಟ್ ಹಾಕಿದ್ರೆ ಇನ್ನೂ ಅಧ್ವಾನ, 452ರ ಬದಲು ಒಂದ್ರಲ್ಲಿ 679 ಇನ್ನೊಂದ್ರಲ್ಲಿ 339. ಸರಿಯಾದ ದಾರಿ ಏನಂದ್ರೆ ಮಧ್ಯದಲ್ಲೂ ಒಂದು ಅಡ್ಡಕೊಯ್ತ ತಗೋಬೇಕು, ಅದಕ್ಕೆ ನಾಲ್ಕು ಪಟ್ಟು ತೂಕ ಕೊಡ್ಬೇಕು: ಮೇಲಿನ ವಿಸ್ತೀರ್ಣ, ಕೆಳಗಿನ ವಿಸ್ತೀರ್ಣ, ಮಧ್ಯದ್ದು ನಾಲ್ಕು ಸಲ, ಎಲ್ಲ ಕೂಡಿಸಿ ಆರರಿಂದ ಭಾಗಿಸಿ ಎತ್ತರಕ್ಕೆ ಗುಣಿಸಿ. ಮೇಲಿನ ಅರ್ಧಕ್ಕೆ ಹಾಕಿ ನೋಡಿ, ಸರಿಯಾಗಿ 396 ಬರತ್ತೆ. ಸಿವಿಲ್‌ನವರು ಮಣ್ಣು ಅಗೆಯೋ ಲೆಕ್ಕಕ್ಕೆ ಇದನ್ನೇ ಬಳಸ್ತಾರೆ. ಶಂಕು, ಪಿರಮಿಡ್, ಗೋಳ, ಭಿನ್ನಕ ಎಲ್ಲಕ್ಕೂ ಈ ಒಂದೇ ಸೂತ್ರ ಕರಾರುವಾಕ್ ಆಗಿ ನಡೆಯತ್ತೆ, ಇಷ್ಟು ಉಪಯೋಗದ ಸೂತ್ರನ ಶಾಲೆಲಿ ಹೇಳಿಕೊಡದೆ ಒಂದೊಂದು ಆಕೃತಿಗೆ ಒಂದೊಂದು ಸೂತ್ರ ಬಾಯಿಪಾಠ ಮಾಡಿಸ್ತಾರೆ ಅನ್ನೋದು ನನ್ನ ಹಳೇ ತಕರಾರು.

ಈ ಸರಾಸರಿ ಅನ್ನೋದು ದೊಡ್ಡ ದೊಡ್ಡವ್ರನ್ನೂ ಬಿಟ್ಟಿಲ್ಲ. ಕ್ರಿ.ಶ. 499ರಲ್ಲಿ ಆರ್ಯಭಟ ಕೊಟ್ಟ ಪಿರಮಿಡ್ ಘನಫಲ, ಆ ಶ್ಲೋಕನ ಸಾಮಾನ್ಯವಾಗಿ ಓದೋ ಅರ್ಥದಲ್ಲಿ, ಪಾದದ ವಿಸ್ತೀರ್ಣ ಗುಣಿಸು ಎತ್ತರದ ಅರ್ಧ. ತ್ರಿಭುಜಕ್ಕೆ ಅರ್ಧ ಸರಿ ಹೋಗತ್ತಲ್ಲ, ಪಿರಮಿಡ್‌ಗೂ ಹಾಗೇ ಅನ್ಸೋದು ಸಹಜ. 628ರಲ್ಲಿ ಬ್ರಹ್ಮಗುಪ್ತ ಮೂರನೇ ಒಂದು ಅಂತ ಸರಿಯಾಗಿ ಕೊಟ್ಟ. ಮೂರನೇ ಒಂದು ಎಲ್ಲಿಂದ ಬಂತು ಅನ್ನೋದನ್ನ ಮಗನ ಕೈಲಿ ರಟ್ಟಲ್ಲಿ ಮಾಡಿಸಿ: ಒಂದು ಘನಾಕೃತಿ ತಗೊಂಡು ಒಂದು ಮೂಲೆ ಹಿಡ್ಕೊಳ್ಳಿ, ಆ ಮೂಲೆಗೆ ತಾಗದೇ ಇರೋ ಮುಖ ಮೂರೇ ಮೂರು, ಆ ಮೂಲೆಯಿಂದ ಪ್ರತಿ ಮುಖಕ್ಕೂ ಒಂದೊಂದು ಪಿರಮಿಡ್, ಮೂರೂ ಒಂದೇ ಥರ, ಮೂರೂ ಸೇರಿದ್ರೆ ಪೂರ್ತಿ ಘನ. ಅಲ್ಲಿಗೆ ಒಂದೊಂದು ಪಿರಮಿಡ್ ಮೂರನೇ ಒಂದು.

ಆದ್ರೆ ಅದು ತುದಿ ಒಂದು ಕಡೆ ವಾಲಿರೋ ಪಿರಮಿಡ್, ನೆಟ್ಟಗಿರೋ ಪಿರಮಿಡ್‌ಗೂ ದುಂಡಗಿರೋ ಶಂಕುಗೂ ಅದೇ ಹೇಗೆ ಹೊಂದತ್ತೆ ಅಂತ ಹುಡುಗ ಕೇಳಿದ್ರೆ, ಕೇಳ್ಬೇಕು ಕೂಡ, ಇಸ್ಪೀಟ್ ಕಟ್ಟು ತೋರಿಸಿ. ನೆಟ್ಟಗೆ ಜೋಡಿಸಿದ ಕಟ್ಟನ್ನ ಪಕ್ಕಕ್ಕೆ ತಳ್ಳಿ ವಾಲಿಸಿದ್ರೆ ಆಕಾರ ಬದಲಾಗತ್ತೆ, ಎಲೆಗಳು ಅವೇ ಇರತ್ವೆ. ಎರಡು ಘನವಸ್ತುಗಳಿಗೆ ಪ್ರತಿ ಮಟ್ಟದಲ್ಲೂ ಅಡ್ಡಕೊಯ್ತದ ವಿಸ್ತೀರ್ಣ ಒಂದೇ ಇದ್ರೆ ಘನಫಲನೂ ಒಂದೇ. ಯೂರೋಪಲ್ಲಿ ಇದು ಕವಾಲಿಯೆರಿ ತತ್ವ ಅಂತ 1635ರ ನಂತರ ಹೆಸರಾಯ್ತು, ಆದ್ರೆ ಚೀನಾದಲ್ಲಿ ಜು ಗೆಂಗ್ ಅನ್ನೋವ್ರು ಅದಕ್ಕಿಂತ ಸಾವಿರ ವರ್ಷಕ್ಕೂ ಮುಂಚೆ ಇದೇ ಮಾತು ಹೇಳಿ ಗೋಳದ ಘನಫಲ ಕಂಡುಹಿಡಿದಿದ್ರು.

ಈಗ ನಿಮ್ಮ ಆರ್ಡರ್‌ಗೆ ಬರ್ತೀನಿ, ದುಡ್ಡಿನ ವಿಷಯ ಅಲ್ಲೇ ಇರೋದು. ನಮ್ಮ ಉದಾಹರಣೆ ಹಾಪರ್‌ಗೆ ಇಳಿಜಾರು ಉದ್ದ 134 ಸೆಂ.ಮೀ., ಶೀಟ್ 2.53 ಚದರ ಮೀಟರ್, 2 ಎಂ.ಎಂ. ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್ ಆದ್ರೆ ಸುಮಾರು 40 ಕೆಜಿ, ವೇಸ್ಟೇಜ್ ಬಿಟ್ಟು. ಗಿರಣಿಯವ್ರು ಇಲ್ಲ ಅಳತೆನೇ ಡಬಲ್ ಬೇಕು ಅಂದ್ರೆ ಬಾಯಿ 240, ಆಳ 240, ಶೀಟ್ 10 ಚದರ ಮೀಟರ್ ಮೇಲೆ, 160 ಕೆಜಿ ಹತ್ತಿರ, ಹಿಡಿಯೋದು 3600 ಲೀಟರ್ ಮೇಲೆ ಅಂದ್ರೆ ಎರಡೂಮುಕ್ಕಾಲು ಟನ್ ಗೋಧಿ. ವೆಲ್ಡಿಂಗ್ ಒಂದೇ ಜಾಯಿಂಟ್ ಉದ್ದಕ್ಕೆ ಅಂದ್ರೆ ಅದು ಡಬಲ್ ಅಷ್ಟೇ, ಆದ್ರೆ ಅಷ್ಟು ದೊಡ್ಡದಕ್ಕೆ ಒಂದು ಶೀಟ್ ಸಾಲಲ್ಲ, ಜೋಡಿಸ್ಬೇಕು, ಅದು ಬೇರೆ ಲೆಕ್ಕ. ಪೇಂಟ್ ನಾಲ್ಕು ಪಟ್ಟು. ಉದ್ದ ಅನ್ನೋದು ಎರಡು ಪಟ್ಟು, ಮೇಲ್ಮೈ ಅನ್ನೋದು ನಾಲ್ಕು, ತುಂಬೋ ಕಾಳು ಮತ್ತು ಅದರ ತೂಕ ಎಂಟು, ಹೀಗೆ ಪ್ರತಿ ಐಟಂ ಯಾವ ಗುಂಪಿಗೆ ಸೇರತ್ತೆ ಅಂತ ನೋಡಿ ರೇಟ್ ಹಾಕಿ. ಬದಲಾಗದೇ ಇರೋದು ಒಂದೇ, ಕೋನ. ಹಳೇ ಹಾಪರ್ ಇಳಿಜಾರು 63 ಡಿಗ್ರಿ ಇದ್ರೆ ಎಲ್ಲ ಅಳತೆ ಡಬಲ್ ಮಾಡಿದ ಮೇಲೂ 63 ನೇ.

ಕಾಲುಗಳ ಬಗ್ಗೆ ಹುಷಾರು. ಕಾಳಿನ ತೂಕ ಎಂಟು ಪಟ್ಟು ಆಯ್ತು. ಕಾಲಿನ ಪೈಪ್‌ನೂ ದಪ್ಪ, ಗೋಡೆ ಎಲ್ಲ ಡಬಲ್ ಮಾಡಿದ್ರಿ ಅಂತಾನೇ ಇಟ್ಕೊಳ್ಳಿ, ಪೈಪ್‌ನ ಅಡ್ಡಕ್ಕೆ ಕೊಯ್ದಾಗ ಕಾಣೋ ಕಬ್ಬಿಣ ನಾಲ್ಕು ಪಟ್ಟು, ಹೊರೋದು ಆ ಕಬ್ಬಿಣನೇ. ಎಂಟು ಪಟ್ಟು ಭಾರ ನಾಲ್ಕು ಪಟ್ಟು ಕಬ್ಬಿಣದ ಮೇಲೆ, ಅಂದ್ರೆ ಒಂದೊಂದು ಚದರ ಸೆಂ.ಮೀ. ಮೇಲೂ ಒತ್ತಡ ಡಬಲ್. ಹಳೇ ಪೈಪ್‌ನೇ ಹಾಕಿ ಬರೀ ಎತ್ತರ ಜಾಸ್ತಿ ಮಾಡಿದ್ರೆ ಇನ್ನೂ ಅಪಾಯ, ಅದೇ ಪೈಪ್ ಎರಡರಷ್ಟು ಉದ್ದ ಆದ್ರೆ ಬಾಗದೇ ತಡೆಯೋ ಭಾರ ನಾಲ್ಕನೇ ಒಂದಕ್ಕೆ ಇಳಿಯತ್ತೆ, ಮೇಲಿನ ಭಾರ ನೋಡಿದ್ರೆ ಎಂಟು ಪಟ್ಟು. ದೊಡ್ಡ ಹಾಪರ್ ಮಾಡೋದೇ ಆದ್ರೆ ಕಾಲುಗಳನ್ನ ಹಳೇ ಡ್ರಾಯಿಂಗ್‌ನಿಂದ ದೊಡ್ಡದು ಮಾಡ್ಬೇಡಿ, ಹೊಸದಾಗಿ ಲೆಕ್ಕ ಹಾಕಿಸಿ, ಮಧ್ಯೆ ಅಡ್ಡಪಟ್ಟಿ ಕೊಡಿ.

ಮೊದಲು ಇದನ್ನ ಸ್ಪಷ್ಟವಾಗಿ ಬರೆದಿದ್ದು ಗೆಲಿಲಿಯೋ, 1638ರಲ್ಲಿ. ಪ್ರಾಣಿ ದೊಡ್ಡದಾಗ್ತಾ ಹೋದ್ರೆ ಮೂಳೆ ಅದೇ ಪ್ರಮಾಣದಲ್ಲಿ ದೊಡ್ಡದಾದ್ರೆ ಸಾಲಲ್ಲ, ಜಾಸ್ತಿ ದಪ್ಪ ಆಗ್ಬೇಕು ಅಂತ ಚಿತ್ರ ಬರೆದು ತೋರಿಸ್ದ. ನಮ್ಮ ಕಡೆ ಇದಕ್ಕೆ ಗೊಮ್ಮಟಗಳಿವೆ. ಶ್ರವಣಬೆಳಗೊಳದ್ದು 10ನೇ ಶತಮಾನದ ಕೊನೆ, ಸುಮಾರು 57 ಅಡಿ, ಕಾರ್ಕಳದ್ದು 1432, ಸುಮಾರು 42 ಅಡಿ, ವೇಣೂರಿಂದು 1604, ಸುಮಾರು 35 ಅಡಿ. ನಿಂತಿರೋ ಭಂಗಿ ಒಂದೇ, ಶಿಲ್ಪದ ಪ್ರಮಾಣ ಪೂರ್ತಿ ಒಂದೇ ಅಲ್ಲ, ಆದ್ರೂ ಲೆಕ್ಕಕ್ಕೆ ಒಂದೇ ಅಂತ ತಗೊಳ್ಳಿ. ಬೆಳಗೊಳದ್ದು ವೇಣೂರಿಗಿಂತ ಎತ್ತರದಲ್ಲಿ 1.63 ಪಟ್ಟು ಅಷ್ಟೇ, ಆದ್ರೆ ಅಭಿಷೇಕದ ಹಾಲು ಮೈಪೂರ್ತಿ ತೋಯಿಸ್ಬೇಕಂದ್ರೆ ಮೇಲ್ಮೈ 2.65 ಪಟ್ಟು, ಕಲ್ಲು 4.3 ಪಟ್ಟು. ಅಂದ್ರೆ ಬೆಳಗೊಳದ ಒಂದು ಮೂರ್ತಿಲಿ ವೇಣೂರಿನಂಥ ನಾಲ್ಕು ಮೂರ್ತಿ ಆಗೋವಷ್ಟು ಕಲ್ಲಿದೆ, ಮೇಲೆ ಇನ್ನೂ ಸ್ವಲ್ಪ ಉಳಿಯತ್ತೆ. ಪಾದದ ಹತ್ತಿರ ಒತ್ತಡ 1.63 ಪಟ್ಟು ಜಾಸ್ತಿ. ಹಾಗಂತ ಗಾಬರಿ ಬೇಡ, 57 ಅಡಿ ಎತ್ತರದ ನೇರ ಗ್ರಾನೈಟ್ ಕಂಬದ ಬುಡದಲ್ಲಿ ಪ್ರತಿ ಚದರ ಸೆಂ.ಮೀ.ಗೆ 5 ಕೆಜಿ ಒಳಗೇ ಭಾರ ಬೀಳೋದು, ಒಳ್ಳೇ ಗ್ರಾನೈಟ್ ಪುಡಿ ಆಗ್ಬೇಕಂದ್ರೆ 1000 ಕೆಜಿ ಮೇಲೆ ಬೇಕು. ಕಾಲಿನ ಹತ್ತಿರ ಕಲ್ಲು ಸಪೂರ ಆಗಿದ್ರೂ ಬೇಕಾದಷ್ಟು ಅಂತರ ಇದೆ. ಕಲ್ಲಿಗೆ ಅಷ್ಟು ಮಾರ್ಜಿನ್ ಇದೆ, ನಿಮ್ಮ ಪೈಪ್ ಕಾಲಿಗೆ ಇರಲ್ಲ.

ಇನ್ನು ಗಿರಣಿಯವ್ರು ಕಾಳು ಮಾತ್ರ ಡಬಲ್ ಆದ್ರೆ ಸಾಕು ಅಂದ್ರೆ ನಿಮಗೆ ಮೂರು ದಾರಿ ಇದೆ, ಮೂರೂ ಡಬಲ್ ಕೆಪಾಸಿಟಿ ಕೊಡತ್ತೆ ಆದ್ರೆ ಶೀಟ್ ಬೇರೆ ಬೇರೆ. ಎಲ್ಲ ಅಳತೆನೂ 1.26 ಪಟ್ಟು ಮಾಡಿದ್ರೆ, ಬಾಯಿ 151 ಆಳ 151, ಶೀಟ್ 1.59 ಪಟ್ಟು. ಬಾಯಿ ಹಾಗೇ ಬಿಟ್ಟು ಆಳ ಮಾತ್ರ ಡಬಲ್ ಮಾಡಿದ್ರೆ ಶೀಟ್ 1.84 ಪಟ್ಟು, ಇದು ದುಬಾರಿ, ಮೇಲೆ ಗಿರಣಿ ಛಾವಣಿಗೆ ತಾಗತ್ತೆ. ಆಳ ಹಾಗೇ ಬಿಟ್ಟು ಬಾಯಿ ಅಡ್ಡಳತೆ ಮಾತ್ರ 1.41 ಪಟ್ಟು ಮಾಡಿದ್ರೆ, 120ರ ಬದಲು 170, ಶೀಟ್ 1.55 ಪಟ್ಟು, ಇದೇ ಅಗ್ಗ. ಬಾಯಿ 1.41 ಪಟ್ಟು ಆದ್ರೆ ಕಾಳು ಯಾಕೆ ಡಬಲ್ ಅಂದ್ರೆ ಅಗಲ ಎರಡು ದಿಕ್ಕಲ್ಲಿ ಬೆಳೆಯತ್ತೆ, ಎತ್ತರ ಬೆಳೆದಿಲ್ಲ, ಹಾಗಾಗಿ 1.41 ಎರಡೇ ಸಲ ಗುಣಿಸೋದು. ಮಕ್ಕಳು ಪರೀಕ್ಷೆಲಿ ಎಡವೋದೂ ಇಲ್ಲೇ, ತ್ರಿಜ್ಯ ಮಾತ್ರ ಡಬಲ್ ಅಂತ ಕೊಟ್ಟಿದ್ರೂ ಎಂಟು ಪಟ್ಟು ಅಂತ ಬರೆದು ಬರ್ತಾರೆ, ಅದು ನಾಲ್ಕು.

ಆದ್ರೆ ಅಗ್ಗ ಅಂತ ಕಣ್ಣು ಮುಚ್ಚಿ ಮೂರನೇದು ತಗೋಬೇಡಿ. ಅದ್ರಲ್ಲಿ ಇಳಿಜಾರು 63 ಡಿಗ್ರಿಯಿಂದ 55ಕ್ಕೆ ಬರತ್ತೆ. ಒಣ ಗೋಧಿ, ಜೋಳಕ್ಕೆ ಪರವಾಗಿಲ್ಲ, ಜಾರತ್ತೆ. ಅದೇ ಹಾಪರ್‌ನ ಹಿಟ್ಟಿಗೆ ಬಳಸ್ತಾರೆ ಅಂದ್ರೆ ಗೋಡೆಗೆ ಅಂಟಿ ನಿಂತು ಗಿರಣಿಯವ್ರು ದಿನಾ ಸುತ್ತಿಗೆಲಿ ಬಡೀತಾ ನಿಮ್ಮನ್ನ ಬೈಕೊಳ್ತಾರೆ. ಹಿಟ್ಟಿಗೆ ಆದ್ರೆ ನಾನು ಮೊದಲನೇ ದಾರಿನೇ ಹಿಡೀತೀನಿ, ಕೋನ ಹಳೇದೇ ಉಳಿಯತ್ತೆ, ಹಳೇದು ಜಾರ್ತಿತ್ತು ಅಂದ್ರೆ ಹೊಸದೂ ಜಾರತ್ತೆ. ಖಾಲಿ ಆಗೋ ಟೈಮ್ ಬಗ್ಗೆನೂ ಕೇಳ್ತಾರೆ ನೋಡಿ: ಕಾಳು ಕೆಳಗಿನ ರಂಧ್ರದಿಂದ ಬೀಳೋ ವೇಗ ಮೇಲೆ ಎಷ್ಟು ತುಂಬಿದೆ ಅನ್ನೋದ್ರ ಮೇಲೆ ಹೆಚ್ಚುಕಮ್ಮಿ ನಿಂತಿಲ್ಲ, ನೀರಿನ ಹಾಗಲ್ಲ ಅದು, ರಂಧ್ರದ ಅಳತೆ ಮೇಲೆ ನಿಂತಿರತ್ತೆ. ಕೆಳಗಿನ ಬಾಯಿ ಹಳೇ ಅಳತೆಲೇ ಇಟ್ರೆ ಡಬಲ್ ಕಾಳಿಗೆ ಡಬಲ್ ಟೈಮ್. ಗಿರಣಿ ಕಲ್ಲು ಅದೇ ಆಗಿದ್ರೆ ಅದೇ ಸರಿ, ಆ ಬಾಯಿನ ದೊಡ್ಡದು ಮಾಡೋದೇ ಬೇಡ.

ಒಂದು ಎಚ್ಚರಿಕೆ. ಅರ್ಧ ಎತ್ತರಕ್ಕೆ ಎಂಟನೇ ಒಂದು ಅನ್ನೋದು ಶಂಕು ಮತ್ತು ಪಿರಮಿಡ್‌ಗೆ ಮಾತ್ರ, ಯಾಕಂದ್ರೆ ಅಲ್ಲಿ ಒಳಗಿರೋ ಭಾಗ ಇಡೀ ವಸ್ತುವಿನ ಚಿಕ್ಕ ನಕಲು. ಅರ್ಧಗೋಳದ ಬಾಣಲೆಗೆ ಅರ್ಧ ಎತ್ತರಕ್ಕೆ ನೀರು ಹಾಕಿದ್ರೆ ಆ ನೀರು ಚಿಕ್ಕ ಅರ್ಧಗೋಳ ಅಲ್ಲ, ತಟ್ಟೆ ಥರ ಚಪ್ಪಟೆ. ಅಲ್ಲಿ ಲೆಕ್ಕ 16ರಲ್ಲಿ 5 ಪಾಲು, 31 ಪರ್ಸೆಂಟ್. ಸಿಲಿಂಡರ್‌ಗಾದ್ರೆ ಸೀದಾ ಅರ್ಧ, ಅಡ್ಡಕೊಯ್ತ ಎಲ್ಲಾ ಕಡೆ ಒಂದೇ ಇರೋದ್ರಿಂದ. ಆದ್ರೆ ಬಾಣಲೆನೇ ಎಲ್ಲ ಕಡೆ ಡಬಲ್ ಮಾಡಿದ್ರೆ ಮಾತ್ರ ಅದೂ ಎಂಟು ಪಟ್ಟೇ ಹಿಡಿಯೋದು, ಅದ್ರಲ್ಲಿ ವಿನಾಯಿತಿ ಇಲ್ಲ.

ಗೋಳದ ವಿಷಯ ಬಂದಿದ್ದಕ್ಕೆ ಇನ್ನೊಂದು ಹೇಳ್ತೀನಿ, ಮಗನಿಗೆ ಇಷ್ಟ ಆಗ್ಬೋದು. ಅರ್ಧಗೋಳದ ಪಕ್ಕ ಅದೇ ತ್ರಿಜ್ಯ ಅದೇ ಎತ್ತರದ ಸಿಲಿಂಡರ್ ಇಡಿ, ಅದರೊಳಗಿಂದ ತುದಿ ಕೆಳಗಾಗಿರೋ ಶಂಕುನ ಕೊರೆದು ತೆಗೀರಿ. ಅರ್ಧಗೋಳ ಬೋರಲಾಗಿ ಕೂತಿರ್ಲಿ. ಯಾವ ಮಟ್ಟದಲ್ಲಾದ್ರೂ ಎರಡನ್ನೂ ಅಡ್ಡ ಕೊಯ್ಯಿರಿ, ಒಂದ್ರಲ್ಲಿ ವೃತ್ತ ಬರತ್ತೆ ಇನ್ನೊಂದ್ರಲ್ಲಿ ಉಂಗುರ ಬರತ್ತೆ, ವಿಸ್ತೀರ್ಣ ಎರಡೂ ಒಂದೇ, ಪೈಥಾಗೊರಸ್ ಪ್ರಮೇಯ ಹಾಕಿದ್ರೆ ಎರಡು ಸಾಲಲ್ಲಿ ಬರತ್ತೆ. ಹಾಗಾಗಿ ಅರ್ಧಗೋಳ ಅಂದ್ರೆ ಸಿಲಿಂಡರ್ ಕಳೆ ಶಂಕು, ಒಂದು ಕಳೆ ಮೂರನೇ ಒಂದು, ಮೂರನೇ ಎರಡು. ಗೋಳ ಮತ್ತು ಅದನ್ನ ಸುತ್ತುವರಿದ ಸಿಲಿಂಡರ್‌ನ ಈ 2:3 ಸಂಬಂಧ ಕಂಡುಹಿಡಿದ ಆರ್ಕಿಮಿಡೀಸ್‌ಗೆ ಅದರ ಮೇಲೆ ಎಷ್ಟು ಪ್ರೀತಿ ಅಂದ್ರೆ ಸಮಾಧಿ ಮೇಲೆ ಅದನ್ನೇ ಕೆತ್ತಿಸಿದ್ರು, ಕ್ರಿ.ಪೂ. 75ರಲ್ಲಿ ರೋಮನ್ ಅಧಿಕಾರಿ ಸಿಸೆರೊ ಸಿಸಿಲಿಲಿ ಆ ಗುರುತಿನಿಂದಲೇ ಸಮಾಧಿ ಪತ್ತೆ ಮಾಡಿದ್ದು. ನಮ್ಮ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನ, ಗಣಿತಜ್ಞ ಮಹಾವೀರಾಚಾರ್ಯ ಗೋಳಕ್ಕೆ ಎರಡು ಲೆಕ್ಕ ಕೊಟ್ಟಿದ್ರು, ಒಂದು ಸ್ಥೂಲ ಇನ್ನೊಂದು ಸೂಕ್ಷ್ಮ. ತ್ರಿಜ್ಯ 10 ಸೆಂ.ಮೀ. ಇರೋ ಗೋಳಕ್ಕೆ ಸ್ಥೂಲ ಲೆಕ್ಕ 4500 ಘನ ಸೆಂ.ಮೀ., ಸೂಕ್ಷ್ಮ 4050, ನಿಜವಾದ್ದು 4189. ಎರಡರಲ್ಲೂ ತ್ರಿಜ್ಯನ ಮೂರು ಸಲ ಗುಣಿಸೋದು ಸರಿಯಾಗೇ ಇದೆ, ಮುಂದಿರೋ ಸಂಖ್ಯೆ ಮಾತ್ರ ಸ್ವಲ್ಪ ಆಚೀಚೆ. ಹಾಗಾಗಿ ಗೋಳ ಡಬಲ್ ಮಾಡಿದ್ರೆ ಎಷ್ಟು ಅಂತ ಅವ್ರನ್ನ ಕೇಳಿದ್ರೂ ಎಂಟು ಅಂತಾನೇ ಹೇಳ್ತಿದ್ರು.

ಆರು ಮೂಲೆ ವಿಷಯ. ಮೇಷ್ಟ್ರು ಹೇಳಿದ್ದು ಸರಿ. ಚೌಕಾಕಾರದ ಪನೀರ್ ತುಂಡೋ ಸೋಪೋ ತಗೊಂಡು, ನಿಜವಾಗ್ಲೂ ಘನಾಕೃತಿ ಇರ್ಬೇಕು ಉದ್ದ ಸೋಪ್ ಅಲ್ಲ, ಒಂದು ಮೂಲೆಯಿಂದ ಎದುರು ಮೂಲೆಗೆ ಒಳಗಿಂದ ಹೋಗೋ ಕರ್ಣನ ಊಹಿಸ್ಕೊಳ್ಳಿ, ಅದಕ್ಕೆ ಲಂಬವಾಗಿ ಸರಿಯಾಗಿ ಮಧ್ಯದಲ್ಲಿ ದಾರದಿಂದ ಕೊಯ್ಯಿರಿ. ಆರು ಅಂಚಿನ ಮಧ್ಯಬಿಂದುಗಳ ಮೂಲಕ ಹೋಗತ್ತೆ, ಸಮ ಷಡ್ಭುಜ ಬರತ್ತೆ. ಮಧ್ಯದ ಬದಲು ಮೂಲೆ ಹತ್ತಿರ ಕೊಯ್ದ್ರೆ ತ್ರಿಭುಜ. ಬೇರೆ ಬೇರೆ ಓರೆಲಿ ನಾಲ್ಕು, ಐದು ಬಾಹು ಕೂಡ ಬರತ್ತೆ, ಏಳು ಮಾತ್ರ ಬರೋಕೆ ಸಾಧ್ಯ ಇಲ್ಲ, ಚಾಕು ಒಂದೊಂದು ಮುಖ ದಾಟಿದಾಗ ಒಂದೊಂದು ಬಾಹು ಹುಟ್ಟೋದು, ಮುಖ ಇರೋದೇ ಆರು. ಅತಿ ದೊಡ್ಡ ಅಡ್ಡಕೊಯ್ತ ಷಡ್ಭುಜ ಅಂತ ತುಂಬಾ ಜನ ಅನ್ಕೊಳ್ತಾರೆ, ಅದು ಮುಖದ 1.3 ಪಟ್ಟು ಅಷ್ಟೇ, ಎದುರುಬದುರಾಗಿರೋ ಎರಡು ಅಂಚು ಹಿಡಿದು ಓರೆಯಾಗಿ ಸೀಳಿದ್ರೆ ಬರೋ ಆಯತ 1.41 ಪಟ್ಟು, ಅದೇ ದೊಡ್ಡದು.

ಸಿಲಿಂಡರ್‌ನ ಓರೆ ಕೊಯ್ದ್ರೆ ದೀರ್ಘವೃತ್ತ, ಇದು ನಿಮಗೆ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಿರತ್ತೆ, ಪೈಪ್ ಬೆಂಡ್ ಮಾಡೋದೇ ಹಾಗಲ್ವಾ. 45 ಡಿಗ್ರಿಗೆ ಕೊಯ್ದು ಒಂದು ತುಂಡನ್ನ ಅರ್ಧ ಸುತ್ತು ತಿರುಗಿಸಿ ಜೋಡಿಸಿದ್ರೆ 90 ಡಿಗ್ರಿ ತಿರುವು, ಎರಡು ಬಾಯಿಯ ದೀರ್ಘವೃತ್ತನೂ ಒಂದೇ ಇರೋದ್ರಿಂದ ಕೂತ್ಕೊಳ್ಳತ್ತೆ. ಗುರುತು ಹಾಕೋಕೆ ಅಂದಾಜು ಬೇಡ, ಪೇಪರ್ ಟೆಂಪ್ಲೇಟ್ ಹೀಗೆ ಮಾಡಿ: ಹೊರ ಅಡ್ಡಳತೆ 10 ಸೆಂ.ಮೀ. ಪೈಪ್ ಆದ್ರೆ ಸುತ್ತಳತೆ 31.4, ಅಷ್ಟು ಉದ್ದದ ಪೇಪರ್‌ನ 12 ಭಾಗ ಮಾಡಿ, 2.62ಕ್ಕೊಂದು ಗೆರೆ. ಮೊದಲ ಗೆರೆ ಮೇಲೆ 0, ಆಮೇಲೆ 0.67, 2.5, 5, 7.5, 9.33, 10 ಸೆಂ.ಮೀ. ಎತ್ತರಕ್ಕೆ ಚುಕ್ಕಿ ಇಡಿ, ಅಲ್ಲಿಂದ ಅದೇ ಸಂಖ್ಯೆ ಹಿಂದಕ್ಕೆ ಬಂದು 0ಗೆ ನಿಲ್ಲಿಸಿ. ಚುಕ್ಕಿಗಳನ್ನ ನುಣುಪಾಗಿ ಸೇರಿಸಿ ಕತ್ತರಿಸಿ ಪೈಪ್‌ಗೆ ಸುತ್ತಿ. ಪೈಪ್ 20 ಸೆಂ.ಮೀ. ಆದ್ರೆ ಎಲ್ಲಾ ಸಂಖ್ಯೆನೂ ಡಬಲ್, ಇಲ್ಲಿ ಮಾತ್ರ ಬರೀ ಡಬಲ್ಲೇ, ಯಾಕಂದ್ರೆ ಇವೆಲ್ಲ ಉದ್ದಗಳು, ಆ ಪೇಪರ್ ಮಾತ್ರ ನಾಲ್ಕು ಪಟ್ಟು ಬೇಕಾಗತ್ತೆ.